ಮುಚ್ಚಿದ ರನ್‌ವೇ ಮುಚ್ಚಿದಂತೆ ಕಾಣಬೇಕು

ವಿಮಾನ ನಿಲ್ದಾಣದ ಬೇಲಿಯೊಳಗೆ ವಿಮಾನಗಳು ಓಡಾಡುವ ನೆಲಕ್ಕೆ ಅಲ್ಲಿ ದುಡಿಯುವವರು ಏರ್‌ಸೈಡ್ ಎನ್ನುತ್ತಾರೆ. ಕಿಟಕಿಯ ಪಕ್ಕ ಕೂತ ಪ್ರಯಾಣಿಕರಿಗೆ ಅದು ಒಂದೆರಡು ನಿಮಿಷ ಕಂಡು ಮರೆಯಾಗುವ ಬಯಲು. ಆ ನೆಲವೂ ದಿನದಿನಕ್ಕೆ ಸವೆಯುತ್ತದೆ. ಇಳಿಯುವ ವಿಮಾನಗಳ ಚಕ್ರಗಳು ರಬ್ಬರನ್ನು ಉಜ್ಜಿ ಬಿಟ್ಟುಹೋಗುತ್ತವೆ, ಡಾಂಬರು ಬಿರುಕು ಬಿಡುತ್ತದೆ, ಅಂಚಿನ ದೀಪಗಳು ಕೆಡುತ್ತವೆ, ಮಳೆಗಾಲ ಬಂತೆಂದರೆ ಚರಂಡಿ ಕಟ್ಟಿಕೊಂಡು ಹುಲ್ಲು ದಟ್ಟವಾಗಿ ಬೆಳೆಯುತ್ತದೆ. ಇದನ್ನೆಲ್ಲ ಸರಿಪಡಿಸಲು ಟಿಪ್ಪರ್, ರೋಲರ್, ಪೇವರ್, ಜನರೇಟರ್, ಸಲಿಕೆ, ಪೊರಕೆ ಸಮೇತ ಮನುಷ್ಯರು ವಿಮಾನ ಇಳಿಯುವ ಜಾಗಕ್ಕೇ ಬರಬೇಕು; ಮುಂದಿನ ವಿಮಾನ ಬರುವಷ್ಟರಲ್ಲಿ ಅಲ್ಲಿ ಯಾರೂ ಬಂದೇ ಇರಲಿಲ್ಲವೆಂಬಂತೆ ತೆರವಾಗಬೇಕು. ಈ ಬರುವಿಕೆ ಮತ್ತು ತೆರವಿನ ನಡುವಿನ ಸುರಕ್ಷತೆಯನ್ನು ನೋಡಿಕೊಳ್ಳುವುದೇ ವರ್ಷಗಟ್ಟಲೆ ನನ್ನ ಕೆಲಸವಾಗಿತ್ತು. ಈಗ ಹಿಂತಿರುಗಿ ನೋಡಿದರೆ ಯಾವುದೋ ಒಂದು ರಾತ್ರಿಗಿಂತ, ಆ ವರ್ಷಗಳೆಲ್ಲ ಸೇರಿ ನನ್ನಲ್ಲಿ ಗಟ್ಟಿ ಮಾಡಿದ ಒಂದು ನಂಬಿಕೆಯೇ ಎದ್ದು ಕಾಣುತ್ತದೆ. ರನ್‌ವೇ ಮುಚ್ಚಿದೆ ಎಂದು ಕಾಗದ ಹೇಳಿದರೆ ಸಾಲದು, ನೆಲವೇ ಹೇಳಬೇಕು. ಒಳಗೆ ಹೋದವರು ಹೊರಬಂದಿದ್ದಾರೆ ಎಂಬುದಕ್ಕೂ ಯಾರದೋ ನೆನಪು ಸಾಕ್ಷಿಯಾಗಬಾರದು, ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಈ ಮಾತನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ನಾನು ಗೌರವಿಸುವವರೂ ಇದ್ದಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪ ತಿಳಿಯಬೇಕು. ಎರಡು ರನ್‌ವೇ ಇರುವ ನಿಲ್ದಾಣ ಭಾಗ್ಯವಂತ. ಒಂದನ್ನು ತಿಂಗಳುಗಟ್ಟಲೆ ಪೂರ್ತಿ ಮುಚ್ಚಿ, ಇನ್ನೊಂದರಲ್ಲಿ ವಿಮಾನ ಹಾರಿಸಬಹುದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆ ಅನುಕೂಲ ಒದಗಿದ್ದು 2019ರ ಡಿಸೆಂಬರ್‌ನಲ್ಲಿ ದಕ್ಷಿಣದ ರನ್‌ವೇ ಬಳಕೆಗೆ ಬಂದ ಮೇಲೆ. ಅದಕ್ಕೂ ಮುಂಚೆ, 2017ರ ಆರಂಭದ ತಿಂಗಳುಗಳಲ್ಲಿ, ಇದ್ದ ಒಂದೇ ರನ್‌ವೇಯನ್ನು ಹಗಲಿನ ಕೆಲವು ಗಂಟೆ ಮುಚ್ಚಿ, ಸಂಜೆಗೆ ತೆರೆದು, ಮರುದಿನ ಮತ್ತೆ ಮುಚ್ಚಿ ಕೆಲಸ ಮಾಡಬೇಕಾಯಿತು. ಮಂಗಳೂರಿನಲ್ಲಿ ಇದು ಇನ್ನೂ ಬಿಗಿ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ, ಸುತ್ತ ಕಣಿವೆಯಿರುವ ಬಜಪೆಯ ರನ್‌ವೇಗೆ 2023ರಲ್ಲಿ ಹೊಸ ಮೇಲ್ಪದರ ಹಾಕಿದಾಗ ಜನವರಿ ಕೊನೆಯಿಂದ ತಿಂಗಳುಗಟ್ಟಲೆ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ವಿಮಾನಗಳಿಲ್ಲ ಎಂದು ಗೊತ್ತುಪಡಿಸಿದ್ದರು; ಉಳಿದ ಹೊತ್ತಿನಲ್ಲಿ ಗಲ್ಫ್‌ಗೆ ಹೋಗುವ ಬರುವ ವಿಮಾನಗಳು ಅದೇ ಪಟ್ಟಿಯ ಮೇಲೆ ಓಡಬೇಕಿತ್ತು. ಮುಂಬೈಯಲ್ಲಿ ಮಳೆಗಾಲದ ಹಿಂದೆ ಮುಂದೆ ರನ್‌ವೇಗಳನ್ನು ಕೆಲವು ಗಂಟೆ ಮುಚ್ಚಿ ರಿಪೇರಿ ಮಾಡುವುದು ವಾಡಿಕೆಯಾಗಿಬಿಟ್ಟಿದೆ. ಹೊರಗಿನವರಿಗೆ ಅಪಾಯವೆಂದರೆ ಕೆಲಸ ನಡೆಯುವ ಹೊತ್ತು ಎನ್ನಿಸುತ್ತದೆ. ನನ್ನ ಅನುಭವ ಬೇರೆ. ಕೆಲಸ ಮಧ್ಯದಲ್ಲಿರುವಾಗ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಮುಚ್ಚುವ ಹೊತ್ತು, ತೆರೆಯುವ ಹೊತ್ತು, ಅರ್ಧ ಮುಚ್ಚಿ ಅರ್ಧ ತೆರೆದಿರುವ ಹೊತ್ತು — ಭಯವಿರುವುದು ಇಲ್ಲಿ. ದಿನಕ್ಕೊಮ್ಮೆ ಮುಚ್ಚಿ ತೆರೆಯುವ ನಿಲ್ದಾಣದಲ್ಲಿ ಈ ಗಳಿಗೆಗಳು ದಿನಕ್ಕೊಮ್ಮೆ ಬರುತ್ತವೆ.

ನಮ್ಮ ಹಳ್ಳಿಯ ದಾರಿಯಲ್ಲಿ ಮೋರಿ ಕುಸಿದರೆ, ಯಾರೂ ಹೇಳದಿದ್ದರೂ ಯಾರೋ ಒಬ್ಬರು ಹಸಿ ಕೊಂಬೆ ಮುರಿದು ತಂದು ಗುಂಡಿಯ ಮುಂದೆ ನೆಡುತ್ತಾರೆ. ಪಂಚಾಯ್ತಿಯ ನೋಟಿಸು ಬರುವುದು ಆಮೇಲೆ. ರಾತ್ರಿ ಬೈಕಿನಲ್ಲಿ ಬರುವ ಅಪರಿಚಿತನನ್ನು ಉಳಿಸುವುದು ಆ ಕೊಂಬೆ. ವಿಮಾನಯಾನದಲ್ಲಿ ನೋಟಿಸಿನ ಕೆಲಸ ಮಾಡುವುದು ನೋಟಾಮ್: ಯಾವ ರನ್‌ವೇ, ಯಾವ ತಾರೀಖು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಮುಚ್ಚಿರುತ್ತದೆ ಎಂದು ಪೈಲಟ್‌ಗಳಿಗೆ ಮುಂಚಿತವಾಗಿ ತಿಳಿಸುವ ಪ್ರಕಟಣೆ. ಕೊಂಬೆಯ ಕೆಲಸಕ್ಕೆ ಬೇರೆ ಕಟ್ಟಲೆಗಳಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಪ್ರಕಾರ ಮುಚ್ಚಿದ ರನ್‌ವೇಯ ಎರಡೂ ತುದಿಗಳಲ್ಲಿ ದೊಡ್ಡ ಬಿಳಿ ಕತ್ತರಿ ಗುರುತು ಇರಬೇಕು, ನಡುವೆಯೂ 300 ಮೀಟರ್ ಮೀರದ ಅಂತರದಲ್ಲಿ ಬರೆಯಬೇಕು. ವಿಮಾನಗಳು ರನ್‌ವೇಗೆ ಹೋಗಿ ಬರುವ ದಾರಿ, ಅಂದರೆ ಟ್ಯಾಕ್ಸಿವೇ ಆದರೆ ಹಳದಿ. ಮುಚ್ಚಿದ ರನ್‌ವೇಯ ದೀಪಗಳನ್ನು ರಿಪೇರಿಯ ಅಗತ್ಯಕ್ಕಲ್ಲದೆ ಉರಿಸುವಂತಿಲ್ಲ. ರಾತ್ರಿ ಬಳಕೆಯಲ್ಲಿರುವ ದಾರಿ ಮುಚ್ಚಿದ ದಾರಿಯನ್ನು ಕೂಡುವ ಕಡೆ, ಬಾಯಿಗೆ ಅಡ್ಡಲಾಗಿ ಮೂರು ಮೀಟರಿಗೆ ಮೀರದ ಅಂತರದಲ್ಲಿ ಕೆಂಪು ದೀಪಗಳ ಸಾಲು ಇಡಬೇಕು. ಬಹಳ ಒಳ್ಳೆಯ ಕಟ್ಟಲೆಗಳು. ಆದರೆ ಅದೇ ಅನುಬಂಧದಲ್ಲಿ ಒಂದು ವಿನಾಯಿತಿಯೂ ಇದೆ: ಮುಚ್ಚುವುದು ಸ್ವಲ್ಪ ಹೊತ್ತಿಗೆ ಮಾತ್ರವಾಗಿದ್ದು, ವಿಮಾನ ಸಂಚಾರ ನಿಯಂತ್ರಿಸುವ ಟವರ್‌ನಿಂದ ತಕ್ಕ ಎಚ್ಚರಿಕೆ ಸಿಗುವಂತಿದ್ದರೆ ಕತ್ತರಿ ಗುರುತು ಬಿಡಬಹುದು. ಸ್ವಲ್ಪ ಹೊತ್ತು ಎಂದರೆ ಎಷ್ಟು ಎಂಬ ಪ್ರಶ್ನೆಗೆ ಪ್ರತಿ ಕೆಲಸದಲ್ಲೂ ಬೇರೆ ಉತ್ತರ ಬರುತ್ತದೆ. ಕೊಂಬೆ ನೆಡದೆ ನೋಟಿಸಿನ ಮೇಲೆಯೇ ಭಾರ ಹಾಕುವ ಅಭ್ಯಾಸ ಹುಟ್ಟುವುದು ಈ ಸಂದಿಯಲ್ಲಿ.

2000ದ ಅಕ್ಟೋಬರ್ 31ರ ರಾತ್ರಿ ತೈವಾನಿನ ತೈಪೆಯಲ್ಲಿ ನಡೆದದ್ದನ್ನು ಈ ವೃತ್ತಿಯಲ್ಲಿರುವ ಪ್ರತಿಯೊಬ್ಬರೂ ಓದಿಕೊಂಡಿರಬೇಕು. ಚಂಡಮಾರುತ ಸಮೀಪಿಸುತ್ತಿತ್ತು, ಮಳೆ ಗಾಳಿ ಜೋರಾಗಿತ್ತು. ಲಾಸ್ ಏಂಜಲಿಸ್‌ಗೆ ಹೊರಟ ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನಕ್ಕೆ ಎಡ ರನ್‌ವೇಯಿಂದ ಹಾರಲು ಅನುಮತಿಯಿತ್ತು. ಅದು ತಿರುಗಿದ್ದು ಒಂದು ತಿರುವು ಮುಂಚೆಯೇ ಸಿಗುವ ಬಲ ರನ್‌ವೇಗೆ. ಆ ರನ್‌ವೇಯ ನಡುಭಾಗ ರಿಪೇರಿಗಾಗಿ ಮುಚ್ಚಿತ್ತು. ಅಲ್ಲಿ ಕಾಂಕ್ರೀಟ್ ತಡೆಗಳು, ಅಗೆಯುವ ಯಂತ್ರಗಳು ನಿಂತಿದ್ದವು. ವೇಗ ಹಿಡಿದು ಮೇಲೇಳುವ ಹೊತ್ತಿಗೆ ವಿಮಾನ ಅವಕ್ಕೆ ಅಪ್ಪಳಿಸಿತು. ಒಳಗಿದ್ದ 179 ಜನರಲ್ಲಿ 83 ಜನ ಸತ್ತರು. ನನ್ನನ್ನು ಇಂದಿಗೂ ಕಾಡುವ ಸಂಗತಿಯೆಂದರೆ, ಯಾವ ಕಾಗದವೂ ಅಲ್ಲಿ ಬಾಕಿಯಿರಲಿಲ್ಲ. ನೋಟಾಮ್ ಹೊರಟಿತ್ತು, ಪೈಲಟ್‌ಗಳ ಕೈಯಲ್ಲಿತ್ತು, ಬಲ ರನ್‌ವೇಯ ಭಾಗ ಮುಚ್ಚಿದೆ ಎಂದು ಅವರಿಗೆ ತಿಳಿದೇ ಇತ್ತು. ಆದರೆ ಅವರು ತಿರುಗಿದ ತುದಿಯಲ್ಲಿ ಅದು ಮುಚ್ಚಿದ ರನ್‌ವೇ ಎನ್ನುವ ಯಾವ ಗುರುತೂ, ಅಡ್ಡಗಟ್ಟೂ ಇರಲಿಲ್ಲ. ಆ ತುದಿಯ ಭಾಗವನ್ನು ಟ್ಯಾಕ್ಸಿವೇ ಆಗಿ ಬಳಸುತ್ತಿದ್ದರು, ಅದಕ್ಕೆ ತೆರೆದಿತ್ತು. ದಾರಿ ತೋರಿಸುವ ಹಸಿರು ದೀಪಗಳು ಬಲ ರನ್‌ವೇಯ ಕಡೆಗೆ ಸ್ಪಷ್ಟವಾಗಿ ಬಾಗಿ ಕರೆಯುತ್ತಿದ್ದವು. ಸರಿಯಾದ ರನ್‌ವೇಯ ಕಡೆಗೆ ಮುಂದುವರಿಯುವ ದೀಪಗಳು ದೂರದೂರಕ್ಕಿದ್ದು, ಕೆಲವು ಕೆಟ್ಟಿದ್ದವು ಅಥವಾ ಮಂಕಾಗಿದ್ದವು. ನೆಲದ ಮೇಲೆ ವಿಮಾನ ಎಲ್ಲಿದೆ ಎಂದು ಟವರ್‌ಗೆ ತೋರಿಸುವ ರೇಡಾರ್ ಆ ನಿಲ್ದಾಣದಲ್ಲಿರಲಿಲ್ಲ. ರನ್‌ವೇಯ ಅಂಚಿನ ದೀಪಗಳು ಆ ರಾತ್ರಿ ಉರಿಯುತ್ತಿದ್ದವೇ ಇಲ್ಲವೇ ಎಂಬುದು ಕೊನೆಗೂ ವಿವಾದವಾಗಿಯೇ ಉಳಿಯಿತು. ಕಾಗದದ ಮೇಲೆ ಮುಚ್ಚಿದ್ದ ರನ್‌ವೇ, ಮಳೆಯಲ್ಲಿ ಕಾಕ್‌ಪಿಟ್ಟಿನಿಂದ ನೋಡಿದ ಕಣ್ಣಿಗೆ ತೆರೆದಿತ್ತು.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ತಪ್ಪು ಪೈಲಟ್‌ಗಳದ್ದಲ್ಲವೇ? ದಿಕ್ಕು ನೋಡಬಹುದಿತ್ತು, ರನ್‌ವೇಯ ಮೇಲೆ ಬರೆದ ಸಂಖ್ಯೆ ನೋಡಬಹುದಿತ್ತು, ತಾವು ಸರಿಯಾದ ರನ್‌ವೇಯಲ್ಲಿ ಇಲ್ಲವೆಂದು ಸೂಚಿಸುವ ಉಪಕರಣವೂ ಕಾಕ್‌ಪಿಟ್ಟಿನಲ್ಲಿತ್ತು. ತೈವಾನಿನ ತನಿಖಾ ಮಂಡಳಿ ಇದನ್ನೇ ಒತ್ತಿ ಹೇಳಿತು. ಸಿಂಗಪುರದ ಕಡೆಯವರು ನಿಲ್ದಾಣದ ದೀಪ ಮತ್ತು ಗುರುತುಗಳ ಕೊರತೆಯನ್ನು ಮುಂದಿಟ್ಟರು. ಪೈಲಟ್‌ಗಳ ಪಾಲು ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಲದ ಮೇಲೆ ಕೆಲಸ ಮಾಡಿಸುವವನು ತನ್ನ ಯೋಜನೆಯನ್ನು ಪೈಲಟ್ ಎಂದೂ ತಪ್ಪುವುದಿಲ್ಲ ಎಂಬ ಆಧಾರದ ಮೇಲೆ ಕಟ್ಟಬಾರದು. ಪೈಲಟ್ ತಪ್ಪುವ ರಾತ್ರಿಗಾಗಿಯೇ ಅಲ್ಲವೇ ತಡೆ ಇರಬೇಕಾದದ್ದು? ಹೊಣೆ ಯಾರದೆಂದು ಹಂಚುವುದು ನ್ಯಾಯಾಲಯದ ಕೆಲಸ. ಮೇಲ್ವಿಚಾರಕನ ಮುಂದಿರುವ ಪ್ರಶ್ನೆ ಬೇರೆ: ಇಲ್ಲಿಗೆ ದಾರಿತಪ್ಪಿ ಬಂದವನಿಗೆ ತಾನು ದಾರಿತಪ್ಪಿದ್ದೇನೆ ಎಂದು ಎಷ್ಟು ಬೇಗ ಗೊತ್ತಾಗುತ್ತದೆ? ತೈಪೆಯ ಅಪಘಾತಕ್ಕೂ ಸರಿಯಾಗಿ 21 ವರ್ಷ ಹಿಂದೆ, 1979ರ ಅದೇ ಅಕ್ಟೋಬರ್ 31ರಂದು, ಮೆಕ್ಸಿಕೊ ನಗರದಲ್ಲಿ ವೆಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಕಾಮಗಾರಿಗಾಗಿ ಮುಚ್ಚಿದ್ದ ಎಡ ರನ್‌ವೇಗೆ ಮಂಜಿನಲ್ಲಿ ಇಳಿದು ಲಾರಿಗೆ ಬಡಿದಿತ್ತು. ನೆಲದ ಮೇಲಿದ್ದ ಒಬ್ಬರೂ ಸೇರಿ 73 ಜನ ಸತ್ತರು. ಅಲ್ಲಿ ಇಳಿಯುವ ವಿಧಾನವೇ ವಿಚಿತ್ರವಾಗಿತ್ತು. ವಿಮಾನವನ್ನು ಕೆಳಗೆ ಕರೆತರುವ ರೇಡಿಯೊ ಕಿರಣ ಮುಚ್ಚಿದ ರನ್‌ವೇಯ ಕಡೆಗೇ ಇತ್ತು. ಹತ್ತಿರ ಬಂದ ಮೇಲೆ ಪೈಲಟ್ ಕಣ್ಣಿನಿಂದ ಗುರುತಿಸಿ ಪಕ್ಕದ ರನ್‌ವೇಗೆ ಸರಿಯಬೇಕಿತ್ತು. ಮಾತು ಮುಚ್ಚಿದೆ ಎಂದಿತು, ಕಿರಣ ಬಾ ಎಂದಿತು. ಮಂಜಿನಲ್ಲಿ ದಣಿದ ಮನುಷ್ಯ ಕಿರಣವನ್ನು ಹಿಂಬಾಲಿಸಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಹಾಗಾಗದು ಎನ್ನುವವರಿಗೆ 2017ರ ಜುಲೈ 7ರ ರಾತ್ರಿಯ ಸ್ಯಾನ್ ಫ್ರಾನ್ಸಿಸ್ಕೊ ಉತ್ತರ ಕೊಡುತ್ತದೆ. ಎರಡು ಸಮಾಂತರ ರನ್‌ವೇಗಳಲ್ಲಿ ಎಡಗಡೆಯದನ್ನು ಕಾಮಗಾರಿಗೆ ಮುಚ್ಚಿ ದೀಪ ಆರಿಸಿದ್ದರು. ನಿಯಮದ ಪ್ರಕಾರ ಎಲ್ಲವೂ ಸರಿ. ದೀಪ ಉರಿಯುವ ಕತ್ತರಿ ಗುರುತೂ ಅದರ ತುದಿಯಲ್ಲಿ ನಿಂತಿತ್ತು. ಆದರೆ ಎರಡು ಸಾಲು ದೀಪ ಕಾಣುವ ನಿರೀಕ್ಷೆಯಲ್ಲಿ ಬಂದ ಏರ್ ಕೆನಡಾ ಪೈಲಟ್‌ಗಳು, ತೆರೆದಿದ್ದ ಬಲ ರನ್‌ವೇಯನ್ನೇ ಎಡದ್ದೆಂದು ಬಗೆದು, ಅದರ ಬಲಕ್ಕಿದ್ದ ಟ್ಯಾಕ್ಸಿವೇಯನ್ನು ತಮ್ಮ ರನ್‌ವೇ ಎಂದುಕೊಂಡರು. ಆ ಟ್ಯಾಕ್ಸಿವೇಯಲ್ಲಿ ಪ್ರಯಾಣಿಕರು ತುಂಬಿದ್ದ ನಾಲ್ಕು ವಿಮಾನಗಳು ಸಾಲಾಗಿ ನಿಂತಿದ್ದವು. ಕೊನೆಯ ಗಳಿಗೆಯಲ್ಲಿ ಮೇಲೆದ್ದ ಆ ವಿಮಾನ ನೆಲದಿಂದ ಸುಮಾರು 60 ಅಡಿಯಷ್ಟು ಕೆಳಗೆ ಬಂದಿತ್ತು. ಮುಚ್ಚಿದ ಸುದ್ದಿ ಅವರಿಗೆ ಕೊಟ್ಟ ಕಾಗದಗಳಲ್ಲಿತ್ತು, ಉಳಿದ ನೂರು ಸೂಚನೆಗಳ ನಡುವೆ ಹೂತುಹೋಗಿತ್ತು. ಅಮೆರಿಕದ ತನಿಖಾ ಸಂಸ್ಥೆ ಆಮೇಲೆ ನೋಟಾಮ್ ಪದ್ಧತಿಯನ್ನೇ ಕಟುವಾಗಿ ಟೀಕಿಸಿತು. ಈ ಪ್ರಸಂಗ ನನ್ನ ವಾದವನ್ನು ಸ್ವಲ್ಪ ತಿದ್ದುತ್ತದೆ ಎಂದೂ ಒಪ್ಪಬೇಕು. ನೆಲ ಮಾತಾಡಬೇಕು ಎಂದರೆ ಮುಚ್ಚಿದ ಜಾಗ ಮಾತಾಡಿದರಷ್ಟೇ ಸಾಲದು. ಒಂದನ್ನು ಮುಚ್ಚಿದಾಗ ಪಕ್ಕದ ಎಲ್ಲವೂ ಹೇಗೆ ಕಾಣತೊಡಗುತ್ತವೆ ಎಂದು ಮೇಲಿನಿಂದ ಬರುವವನ ಕಣ್ಣಿನಲ್ಲಿ ನೋಡಬೇಕು. ಕಾಮಗಾರಿಗೆ ಹಾಕಿದ ಫ್ಲಡ್‌ಲೈಟು ಯಾವ ಕಡೆಗೆ ಮುಖ ಮಾಡಿದೆ, ಅದರ ಬೆಳಕು ಟವರ್‌ನವರ ಕಣ್ಣು ಕುಕ್ಕುತ್ತದೆಯೇ, ಇಳಿಯುವ ಪೈಲಟ್‌ಗೆ ಅದು ರನ್‌ವೇ ದೀಪದ ಸಾಲಿನಂತೆ ತೋರುತ್ತದೆಯೇ — ಇಂಥವನ್ನು ನಕಾಶೆ ನೋಡಿ ಹೇಳಲಾಗದು, ನಿಂತು ನೋಡಬೇಕು.

ಎರಡನೆಯ ಆಕ್ಷೇಪ ಎಂಜಿನಿಯರುಗಳದ್ದು, ಅದರಲ್ಲಿ ಹುರುಳಿದೆ. ರನ್‌ವೇಗೆ ಅಡ್ಡ ಏನಾದರೂ ಇಡುವುದೇ ಅಪಾಯ ಎನ್ನುತ್ತಾರೆ. ತೈಪೆಯಲ್ಲಿ ವಿಮಾನ ಒಡೆದದ್ದೇ ಕಾಂಕ್ರೀಟ್ ತಡೆಗೆ ಬಡಿದು. ಹಗುರ ಬ್ಯಾರಿಕೇಡ್ ಇಟ್ಟರೆ ಜೆಟ್ ಎಂಜಿನ್ನಿನ ಗಾಳಿಗೆ ಹಾರಿ ಇನ್ನೊಂದು ವಿಮಾನದ ಬಾಯಿಗೆ ಬೀಳುತ್ತದೆ. ಅದೂ ಅಲ್ಲದೆ ಮುಚ್ಚಿದ ರನ್‌ವೇಯ ಒಂದು ತುಂಡನ್ನು ಟ್ಯಾಕ್ಸಿವೇಯಾಗಿ ಬಳಸದಿದ್ದರೆ ನಿಲ್ದಾಣ ನಡೆಯುವುದೇ ಇಲ್ಲ ಎಂಬ ಸಂದರ್ಭಗಳಿವೆ. ಮೊದಲನೆಯದಕ್ಕೆ ಉತ್ತರ ಸಾಮಗ್ರಿಯಲ್ಲೇ ಸಿಗುತ್ತದೆ. ನೀರು ತುಂಬಿಸಿ ಭಾರ ಮಾಡುವ, ರೆಕ್ಕೆ ಎಂಜಿನ್ನುಗಳಿಗೆ ತಾಗದಷ್ಟು ತಗ್ಗಾದ, ಬಡಿದರೆ ತಾನೇ ಒಡೆಯುವ, ಮೇಲೆ ಕೆಂಪು ದೀಪವಿರುವ ಪ್ಲಾಸ್ಟಿಕ್ ತಡೆಗಳು ಈಗ ಬಳಕೆಯಲ್ಲಿವೆ. ವಿಮಾನವನ್ನು ಬಲವಂತವಾಗಿ ನಿಲ್ಲಿಸುವುದು ತಡೆಯ ಕೆಲಸವಲ್ಲ. ನಿಲ್ಲಬೇಕೆಂದು ಪೈಲಟ್‌ಗೆ ಹೊಳೆಯುವಂತೆ ಮಾಡಿದರೆ ಸಾಕು, ಅದೂ ವೇಗ ಹಿಡಿಯುವ ಮುನ್ನ. ಅದಕ್ಕೇ ತಡೆ ಇರಬೇಕಾದದ್ದು ಗುಂಡಿಯ ಅಂಚಿನಲ್ಲಷ್ಟೇ ಅಲ್ಲ, ತಪ್ಪು ತಿರುವಿನ ಬಾಯಿಯಲ್ಲಿ. ತೈಪೆಯಲ್ಲಿ ಯಂತ್ರಗಳ ಸುತ್ತ ತಡೆ ಇತ್ತು, ರನ್‌ವೇಯ ಬಾಯಲ್ಲಿ ಇರಲಿಲ್ಲ. ಎರಡರ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ದೂರವಿತ್ತು. ಎರಡನೆಯದು, ಅಂದರೆ ಅರ್ಧ ಬಳಕೆ, ಇದಕ್ಕಿಂತ ಕಠಿಣ. ನಾನು ಕೊನೆಗೆ ತಲುಪಿದ ತೀರ್ಮಾನವೆಂದರೆ, ಅರ್ಧ ಮುಚ್ಚಿದ ರನ್‌ವೇಯನ್ನು ಟ್ಯಾಕ್ಸಿಗೆ ಬಳಸಲೇಬೇಕಾದರೆ ಅದು ಆ ರಾತ್ರಿಯ ಮಟ್ಟಿಗೆ ಎಲ್ಲ ರೀತಿಯಲ್ಲೂ ಟ್ಯಾಕ್ಸಿವೇಯಂತೆ ಕಾಣಬೇಕು: ರನ್‌ವೇಯ ಅಂಚಿನ ದೀಪ ಆರಬೇಕು, ಅದು ಹೊತ್ತಿಕೊಳ್ಳದ ಹಾಗೆ ಸರ್ಕ್ಯೂಟ್ ಕಳಚಿ ಬೀಗ ಹಾಕಬೇಕು, ಸಂಖ್ಯೆಯ ಮೇಲೆ ಬಣ್ಣವನ್ನೋ ಹೊದಿಕೆಯನ್ನೋ ಹಾಕಬೇಕು. ಇಷ್ಟು ಮಾಡಲು ಸಮಯವಿಲ್ಲದಿದ್ದರೆ ದಾರಿ ತೋರಿಸುವ ಫಾಲೋ ಮೀ ಜೀಪು ಪ್ರತಿ ವಿಮಾನದ ಮುಂದೆ ಹೋಗಬೇಕು. ಅದಕ್ಕೂ ಸಮಯವಿಲ್ಲ ಎಂದರೆ ಆ ರಾತ್ರಿ ಕೆಲಸ ಬೇಡ.

ಈಗ ಮನುಷ್ಯರು ಮತ್ತು ವಾಹನಗಳ ಪ್ರವೇಶದ ಮಾತು. ನಮ್ಮ ದೇಶದಲ್ಲಿ ನಿಲ್ದಾಣದ ಗೇಟು ಬಹಳ ಬಿಗಿ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 1987ರಿಂದ ಸ್ವತಂತ್ರ ಇಲಾಖೆ. 1999ರ ಡಿಸೆಂಬರ್‌ನ ಕಂದಹಾರ್ ವಿಮಾನ ಅಪಹರಣದ ನಂತರ, 2000ದಿಂದ, ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಒಂದೊಂದೇ ನಿಲ್ದಾಣದ ಕಾವಲು ವಹಿಸಿಕೊಂಡಿತು. ಒಳಹೋಗುವ ಪ್ರತಿಯೊಬ್ಬ ಕೂಲಿಗೂ ಪಾಸು, ಪ್ರತಿ ವಾಹನಕ್ಕೂ ಪರವಾನಗಿ, ಪ್ರತಿ ಚಾಲಕನಿಗೂ ಏರ್‌ಸೈಡ್ ಚಾಲನೆಯ ಬೇರೆ ಪರವಾನಗಿ. ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಕೇಳುವ ಪ್ರಶ್ನೆ ಒಂದೇ: ಇವನು ಯಾರು? ಸುರಕ್ಷತೆಗೆ ಬೇಕಾದ ಪ್ರಶ್ನೆ ಇನ್ನೊಂದು: ಇವನು ಈಗ ಎಲ್ಲಿದ್ದಾನೆ, ಹೊರಗೆ ಬಂದನೇ? ಎಲ್ಲ ಪಾಸೂ ಸರಿಯಾಗಿರುವ ಟಿಪ್ಪರ್ ಚಾಲಕ ಕತ್ತಲಲ್ಲಿ ಒಂದು ತಿರುವು ತಪ್ಪಿದರೆ ರನ್‌ವೇಯ ಮೇಲಿರುತ್ತಾನೆ. ಅವನ ಕುತ್ತಿಗೆಯಲ್ಲಿ ನೇತಾಡುವ ಪಾಸು ಇಳಿಯುವ ವಿಮಾನಕ್ಕೆ ಕಾಣುವುದಿಲ್ಲ. 2020ರ ಫೆಬ್ರವರಿ 15ರಂದು ಪುಣೆಯಲ್ಲಿ ಹಾರಲು ಓಡುತ್ತಿದ್ದ ಏರ್ ಇಂಡಿಯಾ ವಿಮಾನದ ಪೈಲಟ್‌ಗೆ ರನ್‌ವೇಯ ಮೇಲೆ ಒಂದು ಜೀಪೂ ಒಬ್ಬ ಮನುಷ್ಯನೂ ಕಂಡರು. ನಿಲ್ಲಿಸುವ ಹೊತ್ತು ಮೀರಿತ್ತು. ಬೇಗನೆ ಮೂಗೆತ್ತಿ ಹಾರಿಸಿದಾಗ ಬಾಲ ನೆಲಕ್ಕೆ ಉಜ್ಜಿತು; ವಿಮಾನ ದೆಹಲಿಯಲ್ಲಿ ಕ್ಷೇಮವಾಗಿ ಇಳಿಯಿತು. ಪುಣೆ ವಾಯುಪಡೆಯ ನೆಲೆ, ಅಷ್ಟು ಕಾವಲಿರುವ ಜಾಗ ಬೇರೆ ಎಷ್ಟಿವೆ! ಕಾವಲು ಎಲ್ಲವನ್ನೂ ತಡೆಯುತ್ತದೆ ಎಂಬುದಕ್ಕೂ ಮಿತಿಯಿದೆ: 2014ರ ನವೆಂಬರ್ 6ರಂದು ಸೂರತ್‌ನಲ್ಲಿ ಹಾರಲು ಓಡುತ್ತಿದ್ದ ಸ್ಪೈಸ್‌ಜೆಟ್ ವಿಮಾನಕ್ಕೆ ಬಡಿದದ್ದು ಎಮ್ಮೆ. ಕಾಮಗಾರಿಗಾಗಿ ಬೇಲಿಯಲ್ಲಿ ಒಂದು ತಾತ್ಕಾಲಿಕ ಗೇಟು ತೆಗೆದರೆ, ಅಲ್ಲಿ ಲಾರಿ ಬರುವ ಹೊತ್ತಿಗಷ್ಟೇ ಅಲ್ಲ, ಲಾರಿ ಬಾರದ ಹೊತ್ತಿಗೂ ಆಳು ಬೇಕು ಎಂದು ನಾನು ಹಟ ಹಿಡಿಯುತ್ತಿದ್ದದ್ದು ಇದಕ್ಕೆ.

ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಉತ್ತರ ಒಬ್ಬ ಮನುಷ್ಯನ ತಲೆಯಲ್ಲಿ ಮಾತ್ರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಸೈಬೀರಿಯಾದ ಓಮ್ಸ್ಕ್ ಸಾಕ್ಷಿ. 1984ರ ಅಕ್ಟೋಬರ್ 11ರ ನಸುಕಿನಲ್ಲಿ ಮಳೆಯಿಂದ ಒದ್ದೆಯಾದ ರನ್‌ವೇಯನ್ನು ಒಣಗಿಸಲು ನಿರ್ವಹಣೆಯ ವಾಹನಗಳು ಒಳಹೋಗಲು ಅನುಮತಿ ಕೇಳಿದವು. ಟವರ್‌ನಲ್ಲಿದ್ದ ಕಂಟ್ರೋಲರ್ ಅನುಮತಿ ಕೊಟ್ಟರು. ರನ್‌ವೇ ಖಾಲಿಯಿಲ್ಲ ಎಂದು ತೋರಿಸುವ ದೀಪ ಹೊತ್ತಿಸಲಿಲ್ಲ, ಆಮೇಲೆ ನಿದ್ದೆಗೆ ಜಾರಿದರು. ಬಂದ ಟುಪೊಲೆವ್ ವಿಮಾನ ಇಳಿದು ಆ ವಾಹನಗಳಿಗೆ ಬಡಿಯಿತು. ನೆಲದ ಮೇಲಿದ್ದ ನಾಲ್ವರೂ ಸೇರಿ 178 ಜನ ಸತ್ತರು. ನಿದ್ದೆ ಹೋದ ಮನುಷ್ಯನನ್ನು ದೂರುವುದು ಸುಲಭ. ರಾತ್ರಿಪಾಳಿಯಲ್ಲಿ ದುಡಿದ ಯಾರಿಗಾದರೂ ಗೊತ್ತು, ನಾಲ್ಕು ಐದು ಗಂಟೆಯ ನಡುವೆ ಕಣ್ಣು ಮುಚ್ಚುವುದಕ್ಕೆ ಒಳ್ಳೆಯತನ ಕೆಟ್ಟತನದ ಸಂಬಂಧವಿಲ್ಲ. ಆ ದೀಪವೊಂದು ಉರಿಯುತ್ತಿದ್ದರೆ ಕೋಣೆಯಲ್ಲಿದ್ದ ಇನ್ನೊಬ್ಬರ ಕಣ್ಣಿಗೆ ಬೀಳುವ ಸಾಧ್ಯತೆಯಿತ್ತು. ವಾಹನ ಒಳಗಿದೆ ಎಂಬುದಕ್ಕೆ ಟವರ್‌ನ ಮೇಜಿನ ಮೇಲೆ ಕೈಗೆ ತಾಗುವ ಒಂದು ವಸ್ತು ಇರಬೇಕು. ಪಟ್ಟಿಯೋ, ಫಲಕವೋ, ರನ್‌ವೇಯ ಹೆಸರನ್ನೇ ಮುಚ್ಚಿಬಿಡುವ ಕೆಂಪು ಹಲಗೆಯೋ. ಅದನ್ನು ತೆಗೆಯದೆ ಇಳಿಯುವ ಅನುಮತಿ ಕೊಡಲು ಬಾರದಂತಿರಬೇಕು. ಕೆಳಗೆ ನಮ್ಮ ಕಡೆಯೂ ಹಾಗೆಯೇ: ಒಳಹೋಗುವ ಪ್ರತಿ ವಾಹನದ ಒಂದು ಬಿಲ್ಲೆ ಗೇಟಿನ ಹಲಗೆಗೆ ಬೀಳಬೇಕು, ಹೊರಬಂದಾಗ ಅದು ಚಾಲಕನ ಕೈಗೆ ಮರಳಬೇಕು. ಹಲಗೆಯ ಮೇಲೆ ಬಿಲ್ಲೆ ಉಳಿದಿರುವಾಗ ಯಾರ ಬಾಯಿಂದಲೂ ಎಲ್ಲ ಕ್ಲಿಯರ್ ಎಂಬ ಮಾತು ಬರಕೂಡದು.

ತಂತ್ರಜ್ಞಾನದ ಮೇಲೆ ಭರವಸೆಯಿಟ್ಟವರು ಇಲ್ಲಿ ಬಿಲ್ಲೆ, ಹಲಗೆಯ ಮಾತು ಕೇಳಿ ತಲೆ ಆಡಿಸುತ್ತಾರೆ. ನೆಲದ ರೇಡಾರ್ ಇದೆ, ವಾಹನದ ಜಾಗ ಪರದೆಗೆ ಕಳಿಸುವ ಟ್ರಾನ್ಸ್‌ಪಾಂಡರ್ ಇದೆ, ರನ್‌ವೇಯ ಬಾಯಲ್ಲಿ ಕೆಂಪು ಸಾಲುದೀಪ ಇದೆ, ಹಳೆಯ ಪದ್ಧತಿ ಯಾಕೆ ಎನ್ನುತ್ತಾರೆ. ಅವೆಲ್ಲ ಬೇಕು, ಇಲ್ಲದ ನಿಲ್ದಾಣಗಳಿಗೆ ಬೇಗ ಬರಲಿ. ಆದರೆ 2024ರ ಜನವರಿ 2ರಂದು ಟೋಕಿಯೊದ ಹನೇದಾದಲ್ಲಿ ಏನಾಯಿತು? ಅಂಥ ಸಾಲುದೀಪ ನಿರ್ವಹಣೆಗಾಗಿ ಬಳಕೆಯಲ್ಲಿರಲಿಲ್ಲ. ಆ ರಾತ್ರಿಯ ಸ್ಪಷ್ಟ ಹವೆಯಲ್ಲಿ ಅದನ್ನು ಉರಿಸಬೇಕೆಂಬ ನಿಯಮವೂ ಇರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕರಾವಳಿ ಪಡೆಯ ವಿಮಾನವೊಂದು ರನ್‌ವೇ ಪ್ರವೇಶಿಸಿದಾಗ ಟವರ್‌ನ ಪರದೆಯ ಮೇಲೆ ಎಚ್ಚರಿಕೆ ಮೂಡಿತ್ತು, ಕಂಟ್ರೋಲರ್ ಗಮನಕ್ಕೆ ಬರಲಿಲ್ಲ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಬಡಿಯಿತು. ದೊಡ್ಡ ವಿಮಾನದ 379 ಜನರೂ ಪಾರಾದರು, ಚಿಕ್ಕದರಲ್ಲಿದ್ದ ಐವರು ಸತ್ತರು. ಯಂತ್ರ ಮಾಡಬೇಕಾದ್ದನ್ನು ಮಾಡಿತ್ತು. 2022ರ ನವೆಂಬರ್ 18ರಂದು ಪೆರುವಿನ ಲಿಮಾದಲ್ಲಿ ಅಭ್ಯಾಸಕ್ಕೆ ಹೊರಟ ಅಗ್ನಿಶಾಮಕ ವಾಹನ ರನ್‌ವೇಗೆ ನುಗ್ಗಿ, ಹಾರಲು ಓಡುತ್ತಿದ್ದ ವಿಮಾನಕ್ಕೆ ಬಡಿದು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರು ಹೊಸಬರಲ್ಲ, ಹೊರಗಿನವರಲ್ಲ, ಆ ನೆಲವನ್ನು ಅಂಗೈಯಂತೆ ಬಲ್ಲವರು. ಪರದೆಯನ್ನು ನೋಡುವ ಕಣ್ಣು ದಣಿಯುತ್ತದೆ, ನೆಲವನ್ನು ಬಲ್ಲವನ ಮನಸ್ಸು ಅವಸರದಲ್ಲಿ ಬೇರೆಡೆ ಇರುತ್ತದೆ. ಕೈಗೆ ತಾಗುವ, ದಾರಿಗೆ ಅಡ್ಡ ಬರುವ ವಸ್ತು ಈ ಎರಡಕ್ಕೂ ಕಾಯುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ವಿಶ್ವಾಸ.

ತೆರೆಯುವ ಹೊತ್ತಿಗೆ ಬರೋಣ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಮೇಲ್ಪದರದ ಕೆಲಸ ಒಂದೇ ಪಾಳಿಯಲ್ಲಿ ಮುಗಿಯುವುದಿಲ್ಲ. ಹೊಸ ಡಾಂಬರು ಹಳೆಯದಕ್ಕಿಂತ ಕೆಲವು ಸೆಂಟಿಮೀಟರ್ ಎತ್ತರಕ್ಕಿರುತ್ತದೆ, ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ. ಅದನ್ನು ಇಳಿಜಾರು ಮಾಡಿಯೇ ರನ್‌ವೇ ಬಿಟ್ಟುಕೊಡಬೇಕು. ಪದರ 5 ಸೆಂಟಿಮೀಟರ್‌ವರೆಗೆ ಇದ್ದರೆ ಇಳಿಜಾರು ಶೇ. 0.5ರಿಂದ 1ರ ನಡುವೆ, ಅದಕ್ಕಿಂತ ದಪ್ಪವಿದ್ದರೆ ಶೇ. 0.5 ಮೀರದಂತೆ ಎನ್ನುತ್ತದೆ 14ನೇ ಅನುಬಂಧ. ಲೆಕ್ಕ ಹಾಕಿದರೆ 5 ಸೆಂಟಿಮೀಟರ್ ಎತ್ತರ ಇಳಿಸಲು ಕನಿಷ್ಠ 5 ಮೀಟರ್, ಮೆಲ್ಲಗೆ ಇಳಿಸುವುದಾದರೆ 10 ಮೀಟರ್ ಬೇಕು. ಕೆಲಸ ಯಾವ ತುದಿಯಿಂದ ಶುರುವಾಗಬೇಕು ಎಂಬುದನ್ನೂ ಅದು ಹೇಳುತ್ತದೆ: ಹೆಚ್ಚಿನ ವಿಮಾನಗಳು ಆ ಇಳಿಜಾರನ್ನು ಇಳಿಯುವಂತಿರಬೇಕು, ಏರುವಂತಲ್ಲ. ಮಧ್ಯರೇಖೆಯ ಗುರುತು ಮತ್ತೆ ಬರೆಯದೆ ತೆರೆಯುವಂತಿಲ್ಲ. ಇಷ್ಟಾದ ಮೇಲೆ ಗುಡಿಸುವುದು. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನದ ಟೈರನ್ನು ಸೀಳಿ 113 ಜನರ ಸಾವಿಗೆ ಕಾರಣವಾದದ್ದು ಮುಂಚೆ ಹೋದ ವಿಮಾನದಿಂದ ಬಿದ್ದ, ಅರ್ಧ ಮೀಟರಿಗೂ ಕಡಿಮೆ ಉದ್ದದ ಒಂದು ಲೋಹದ ಪಟ್ಟಿ. ಅದು ಕಾಮಗಾರಿಯ ಕಸವಲ್ಲ, ನಿಜ. ಆದರೆ ಕಾಮಗಾರಿ ಬಿಟ್ಟುಹೋಗುವ ಬೋಲ್ಟು, ತಂತಿ, ಹಳೆಯ ಡಾಂಬರು ಕೆರೆಯುವ ಮಿಲ್ಲಿಂಗ್ ಯಂತ್ರದ ಮುರಿದ ಹಲ್ಲು, ಜಲ್ಲಿಯ ಚೂರು ಯಾವುದೂ ಅದಕ್ಕಿಂತ ಕಡಿಮೆ ಅಪಾಯಕಾರಿಯಲ್ಲ. ಗುಡಿಸಿದ ಮೇಲೆ ಜೀಪಿನ ದೀಪವನ್ನು ನೆಲಕ್ಕೆ ಓರೆಯಾಗಿ ಬೀಳಿಸಿಕೊಂಡು ನಿಧಾನವಾಗಿ ಹೋಗಬೇಕು. ಓರೆ ಬೆಳಕಿನಲ್ಲಿ ಚಿಕ್ಕ ಕಲ್ಲಿಗೂ ಉದ್ದ ನೆರಳು ಬೀಳುತ್ತದೆ.

ಮೂರನೆಯ ಆಕ್ಷೇಪ ಹಣದ್ದು ಮತ್ತು ಹೊತ್ತಿನದು. ಆರು ಗಂಟೆಯ ಅವಧಿಯಲ್ಲಿ ಮೊದಲ ಮುಕ್ಕಾಲು ಗಂಟೆ ತಡೆ ಇಡುವುದಕ್ಕೆ, ಕೊನೆಯ ಒಂದೂವರೆ ಗಂಟೆ ತೆರವಿಗೆ ಹೋದರೆ ಡಾಂಬರು ಹಾಕುವುದು ಯಾವಾಗ ಎಂದು ಗುತ್ತಿಗೆದಾರ ಕೇಳುತ್ತಾನೆ. ಅವನ ಪ್ರಶ್ನೆ ತಪ್ಪಲ್ಲ. ಟೆಂಡರಿನಲ್ಲಿ ಆ ಹೊತ್ತಿಗೆ ಬೆಲೆ ಕಟ್ಟಿರದಿದ್ದರೆ ಅವನು ಅದನ್ನು ಎಲ್ಲಿಂದ ತರಬೇಕು? ದಿನಕ್ಕೆ ಎಷ್ಟು ಟನ್ ಎಂದು ಲೆಕ್ಕ ಹಾಕಿ ಹಣ ಕೊಡುವ ಕರಾರು ತೆರವಿನ ಹೊತ್ತನ್ನು ಕದಿಯುವಂತೆ ಅವನನ್ನು ದೂಡುತ್ತದೆ. ತಡೆ ಇಡುವುದಕ್ಕೂ, ಇಳಿಜಾರು ಮಾಡುವುದಕ್ಕೂ, ಗುಡಿಸುವುದಕ್ಕೂ ಬೇರೆ ಬೇರೆ ಬಾಬ್ತಿನಲ್ಲಿ ದರ ನಿಗದಿಯಾದ ಕರಾರಿನಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಮೇಲ್ವಿಚಾರಕ ಯಾರ ಸಂಬಳದಲ್ಲಿದ್ದಾನೆ ಎಂಬುದು. ಗುತ್ತಿಗೆದಾರನ ಆಳೇ ಸುರಕ್ಷತೆಯನ್ನೂ ನೋಡಿಕೊಳ್ಳಲಿ, ಜೊತೆಗೆ ಅಳತೆ ಪುಸ್ತಕವನ್ನೂ ಬರೆಯಲಿ ಎಂಬ ಏರ್ಪಾಡು ಉಳಿತಾಯದಂತೆ ತೋರುತ್ತದೆ. ಅಳತೆ ಬರೆಯಲು ತಲೆ ತಗ್ಗಿಸಿದವನು ಆ ಹೊತ್ತಿಗೆ ಕಾವಲುಗಾರನಾಗಿರುವುದಿಲ್ಲ. ರೇಡಿಯೊ ಹಿಡಿದು ಟವರ್‌ನ ಮಾತು ಕೇಳುವವನಿಗೆ ಬೇರೆ ಯಾವ ಕೆಲಸವೂ ಇರಕೂಡದು, ಅವನ ಸಂಬಳ ನಿಲ್ದಾಣದಿಂದ ಬರಬೇಕು.

ಹಾಗೆಯೇ ಭಾಷೆ. ರನ್‌ವೇಯ ಮೇಲೆ ಸಲಿಕೆ ಹಿಡಿಯುವವರಲ್ಲಿ ರಾಯಚೂರು, ಕಲಬುರಗಿಯ ಕಡೆಯವರಿದ್ದಾರೆ, ಒಡಿಶಾ, ಬಿಹಾರ, ಜಾರ್ಖಂಡಿನವರಿದ್ದಾರೆ. ಇಂಗ್ಲಿಷಿನಲ್ಲಿ ಬರೆದ ಕೆಲಸದ ಯೋಜನೆ ಅವರನ್ನು ತಲುಪುವುದು ಮೇಸ್ತ್ರಿಯ ಬಾಯಲ್ಲಿ, ಅದೂ ಅವನು ಹೇಳಿದಷ್ಟು. ಪಾಳಿ ಶುರುವಾಗುವ ಮುನ್ನ ಎಲ್ಲರನ್ನೂ ನಿಲ್ಲಿಸಿ, ಈ ರಾತ್ರಿಯ ಗೆರೆ ಇಲ್ಲಿ, ಇದರಾಚೆ ವಿಮಾನ ಓಡುತ್ತದೆ, ಸೈರನ್ ಕೇಳಿದರೆ ಎಲ್ಲ ಬಿಟ್ಟು ಈ ಕಡೆಗೆ ಓಡಿ ಎಂದು ಅವರವರ ಭಾಷೆಯಲ್ಲಿ, ನೆಲದ ಮೇಲೆ ಕೈ ತೋರಿಸಿ ಹೇಳಿಸಬೇಕು. ಹಿಂದಿನ ರಾತ್ರಿಯ ಗೆರೆ ಬದಲಾಗಿದ್ದರೆ ಅದನ್ನು ಎರಡು ಸಲ ಹೇಳಿಸಬೇಕು. ಹತ್ತು ನಿಮಿಷ ಹಿಡಿಯುತ್ತದೆ. ಈ ಹತ್ತು ನಿಮಿಷಕ್ಕೂ ಕರಾರಿನಲ್ಲಿ ಜಾಗವಿರಲಿ. ಕಡೆಗೆ, ತೆರೆಯುವ ಗಂಟೆ ಮೀರುತ್ತಿದೆ, ಡಾಂಬರು ಇನ್ನೂ ಬಿಸಿಯಿದೆ, ಇಂಧನ ಕಡಿಮೆಯಾಗುತ್ತಿರುವ ಮೊದಲ ವಿಮಾನ ಬರುತ್ತಿದೆ ಎನ್ನುವ ಸ್ಥಿತಿಯಲ್ಲಿ ಇನ್ನೂ ಇಪ್ಪತ್ತು ನಿಮಿಷ ತೆರೆಯುವುದಿಲ್ಲ ಎಂದು ಟವರ್‌ಗೆ ಹೇಳುವ ಅಧಿಕಾರ ಯಾರದು? ಇದನ್ನು ಆ ಗಳಿಗೆಯಲ್ಲಿ ಫೋನು ಮಾಡಿ ತೀರ್ಮಾನಿಸಲು ಹೊರಟರೆ ಉತ್ತರ ಯಾವಾಗಲೂ ತೆರೆಯಿರಿ ಎಂದೇ ಬರುತ್ತದೆ. ಕೆಲಸ ಶುರುವಾಗುವ ತಿಂಗಳು ಮುಂಚೆಯೇ ಆ ಅಧಿಕಾರವನ್ನು ನೆಲದ ಮೇಲಿರುವ ಮೇಲ್ವಿಚಾರಕನ ಹುದ್ದೆಯ ಹೆಸರಿಗೆ ಬರೆದು, ನಿಲ್ದಾಣದ ಮುಖ್ಯಸ್ಥರು, ಟವರ್, ವಿಮಾನ ಸಂಸ್ಥೆಗಳು, ಗುತ್ತಿಗೆದಾರ, ಎಲ್ಲರ ಸಹಿ ಪಡೆದಿರಬೇಕು. ಬರುವ ವಿಮಾನಗಳು ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಹೊತ್ತೇ ಹೊರಡುವಂತೆ ಆ ಕಾಗದ ವಿಮಾನ ಸಂಸ್ಥೆಗಳ ಯೋಜನಾ ಕಚೇರಿಗೂ ತಲುಪಿರಬೇಕು.